ಕಾರಾಪುರದಿಂದ ಹಾಲಿವುಡ್‌ಗೆ ಸಾಬು

ಹಾಲಿವುಡ್ ತಾರೆ ಸಾಬು 1924ರ ಜನವರಿ 27ರಂದು ಜನಿಸಿದ್ದು ಮೈಸೂರು ಸಂಸ್ಥಾನದ ಕಾರಾಪುರದಲ್ಲಿ. ತಂದೆ ಮಹಾರಾಜರ ಆನೆಗಳ ಮಾವುತ. ಅವರ ನಿಧನಾನಂತರ ಅರಮನೆಯ ಆನೆಲಾಯವೇ ಬಾಲಕನಿಗೆ ಆಸರೆಯಾಯಿತು.

ರುಡ್ಯಾರ್ಡ್ ಕಿಪ್ಲಿಂಗ್ ಅವರ ಕಥೆಯನ್ನು ಚಿತ್ರಿಸಲು ಮೈಸೂರಿಗೆ ಬಂದ ರಾಬರ್ಟ್ ಫ್ಲಾಹರ್ಟಿ ತಂಡ ಆತನನ್ನೇ ನಾಯಕನನ್ನಾಗಿಸಿತು. 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಆತನನ್ನು ವಿಶ್ವವಿಖ್ಯಾತನನ್ನಾಗಿಸಿತು. 1942ರ ‘ಜಂಗಲ್ ಬುಕ್’ನಲ್ಲಿ ಸಾಬು ಮೌಗ್ಲಿಯಾದರು.

1944ರಲ್ಲಿ ಅಮೆರಿಕದ ಪೌರರಾದ ಅವರು ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಗನ್ನರ್ ಆಗಿ ಹೋರಾಡಿ ಶೌರ್ಯಪದಕ ಗಳಿಸಿದರು. ಆದರೆ ಯುದ್ಧದಿಂದ ಮರಳಿದ ವೀರನಿಗೆ ಹಾಲಿವುಡ್ ಹೆಚ್ಚಾಗಿ ನೀಡಿದ್ದು ಅದೇ ಕಾಡಿನ ಪಾತ್ರಗಳನ್ನು. 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ನಿಧನರಾದಾಗ ಅವರ ವಯಸ್ಸು 39.

2011ರಲ್ಲಿ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ಈ ಎರಡು ಚಿತ್ರಗಳೂ ಸೇರಿದ ಡಿವಿಡಿ ಸಂಪುಟವನ್ನು ಮನೆವೀಕ್ಷಣೆಗೆ ಹೊರತಂದಿತು. ಅದಕ್ಕೆ ಮಾವುತನ ಮಗ ಸಾಬುವಿನ ಹೆಸರನ್ನೇ ಇಡಲಾಯಿತು.