ಮೋಟಾರಿನ ಕನಸನ್ನು ಬಿಡದ ಸೊಲ್ಲಾಪುರದ ಸಾಹಸಿ

ಕುರ್ಲಾದಿಂದ ಕಲ್ಯಾಣದವರೆಗೆ ನಿತ್ಯವೂ ರೈಲಿನಲ್ಲಿ ಸಂಚರಿಸುವ ನಮ್ಮ ಬಾಂಧವರಲ್ಲಿ ಫಿಯಟ್ ಟ್ಯಾಕ್ಸಿಯನ್ನು ಕಾಣದವರಿಲ್ಲ. ಆದರೆ ಆ ಗಾಡಿಯ ಹಿಂದೆ ನಿಂತ ಪುರುಷನ ಬಾಳಿನ ಕಥೆಯನ್ನು ಬಲ್ಲವರು ವಿರಳ. ಆತನೇ ಉದ್ಯಮಪತಿ ವಾಲ್‌ಚಂದ್ ಹೀರಾಚಂದ್.

1882ರ ನವೆಂಬರ್ 23ರಂದು, ಕನ್ನಡ ಮರಾಠಿಗಳೆರಡೂ ಬೆರೆತ ಸೊಲ್ಲಾಪುರದಲ್ಲಿ, ಜೈನ ವರ್ತಕ ಮನೆತನವೊಂದರಲ್ಲಿ ವಾಲ್‌ಚಂದರು ಜನಿಸಿದರು. ಮನೆಯ ಲೇವಾದೇವಿ, ಹತ್ತಿಯ ವ್ಯಾಪಾರಗಳು ಅವರ ಮನಸ್ಸಿಗೆ ಹಿಡಿಸಲಿಲ್ಲ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದು ಆನಂತರ ಗುತ್ತಿಗೆದಾರರಾದ ಲಕ್ಷ್ಮಣರಾವ್ ಫಾಟಕರೊಡನೆ ಪಾಲುಗಾರಿಕೆ ಮಾಡಿಕೊಂಡು, ರೈಲುಹಾದಿಗಳ ನಿರ್ಮಾಣಕ್ಕೆ ಕೈಯಿಟ್ಟರು. ಭೋರ್ ಘಾಟಿನ ಸುರಂಗಗಳೂ, ಠಾಣೆ ಜಿಲ್ಲೆಯ ತಾನ್ಸಾ ಸರೋವರದಿಂದ ಮುಂಬಯಿಗೆ ನೀರು ತರುವ ಕೊಳವೆಗಳ ಕೆಲಸವೂ ಅವರ ಗುತ್ತಿಗೆಗೆ ಸೇರಿದವು. 1919ರಲ್ಲಿ ಸಿಂಧಿಯಾ ಹಡಗು ಸಂಸ್ಥೆಯ ಸ್ಥಾಪಕರಲ್ಲೊಬ್ಬರಾಗಿ ಪರಕೀಯ ಕಂಪನಿಗಳ ಪೈಪೋಟಿಯನ್ನು ಎದುರಿಸಿದರು.

ಆದರೆ ಅವರನ್ನು ಬಹುಕಾಲ ಕಾಡಿದ್ದು ಮೋಟಾರಿನ ಕನಸು. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮೋಟಾರು ಕಾರ್ಖಾನೆಯ ಯೋಜನೆಯೊಂದನ್ನು ಸಿದ್ಧಪಡಿಸಿದಾಗ ವಾಲ್‌ಚಂದರು ಅದಕ್ಕೆ ಹೆಗಲು ಕೊಟ್ಟರು. ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲ ನೆರವಿಗೆ ಒಲವು ತೋರಿತಾದರೂ 1939ರಲ್ಲಿ ಅದು ರಾಜೀನಾಮೆಯಿತ್ತಿತು. ಮೈಸೂರು ಸಂಸ್ಥಾನದತ್ತ ತಿರುಗಿದರೆ, ಅಲ್ಲಿಗೂ ಬ್ರಿಟಿಷ್ ಸರಕಾರದ ಅಸಮ್ಮತಿ ಅಡ್ಡಬಂದಿತು. ಯುದ್ಧಕಾಲದಲ್ಲಿ ಮೋಟಾರು ಕಾರ್ಖಾನೆಗೆ ಪ್ರೋತ್ಸಾಹ ನೀಡಲು ಆ ಸರಕಾರ ಸಿದ್ಧವಿರಲಿಲ್ಲ. ಇದೇ ಕಾಲದಲ್ಲಿ, 1940ರ ಡಿಸೆಂಬರಿನಲ್ಲಿ, ಮೈಸೂರು ಸರಕಾರದ ಸಹಕಾರದಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಅವರು ಹುಟ್ಟುಹಾಕಿದರು. 1942ರಲ್ಲಿ ಅದು ಸರಕಾರದ ವಶವಾಯಿತು.

ಹೀಗೆ ಮೇಲಿಂದ ಮೇಲೆ ಬಾಗಿಲು ಮುಚ್ಚಿದರೂ ವಾಲ್‌ಚಂದರು ಹಿಂಜರಿಯಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆ ಸ್ಥಾಪಿತವಾಯಿತು. ಅಮೆರಿಕದ ಕ್ರೈಸ್ಲರ್ ಕಂಪನಿಯ ಸಹಯೋಗದೊಡನೆ ಕುರ್ಲಾದಲ್ಲಿ ಡಾಜ್, ಪ್ಲಿಮತ್ ಗಾಡಿಗಳ ಜೋಡಣೆ ನಡೆಯಿತು. ಬಳಿಕ ಇಟಲಿಯ ಫಿಯಟ್ ಕಂಪನಿಯೊಡನೆ ಒಪ್ಪಂದವಾಯಿತು. ಅಷ್ಟರಲ್ಲಿ ಪಾರ್ಶ್ವವಾಯುವಿನಿಂದ ಬಳಲಿದ ಅವರು ವ್ಯವಹಾರದಿಂದ ನಿವೃತ್ತರಾಗಬೇಕಾಯಿತು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ಅಸುನೀಗಿದರು. ಫಿಯಟ್ 1100 ನಮ್ಮ ಬೀದಿಗಳನ್ನು ತುಂಬಿದ್ದನ್ನು ಅವರು ಕಾಣಲಿಲ್ಲ.

ಆ ಗಾಡಿಯ ಇಂಜಿನ್ ಕೇವಲ 1089 ಘನ ಸೆಂಟಿಮೀಟರಿನದು. ಆದರೂ ಮದರಾಸಿನ ಸಮೀಪದ ಷೋಳಾವರದ ವೇಗಸ್ಪರ್ಧೆಗಳಲ್ಲಿ ಅದು ಓಡಿತು. ಕುಶಲ ಮೆಕ್ಯಾನಿಕರು ಇಂಜಿನ್ನನ್ನು ಬಿಚ್ಚಿ, ಗಾಳಿ ಹಾಯುವ ಮಾರ್ಗಗಳನ್ನು ಉಜ್ಜಿ ನುಣುಪುಗೊಳಿಸಿ, ಸಿಲಿಂಡರಿನ ಒತ್ತಡವನ್ನು ಹೆಚ್ಚಿಸಿ, ಬೇಡದ ಭಾರವನ್ನು ಇಳಿಸಿ ಅದಕ್ಕೆ ಹೊಸ ವೇಗವನ್ನು ತಂದರು. 1970ರ ದಶಕದಲ್ಲಿ ಪದ್ಮಿನಿಯೆಂಬ ಹೆಸರು ಪಡೆದ ಅದೇ ಗಾಡಿ ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಯಾಗಿ ದುಡಿಯಿತು. ಸಂಸ್ಥೆಯ ಕಲ್ಯಾಣದ ಕಾರ್ಖಾನೆಯಲ್ಲಿ 1990ರ ದಶಕದಲ್ಲಿ ಪೂಜೋ ಕಾರುಗಳೂ ತಯಾರಾದವು. ಆದರೆ ಆ ಪ್ರಯತ್ನ ಹೆಚ್ಚುಕಾಲ ಬಾಳಲಿಲ್ಲ.

ಪದ್ಮಿನಿಯ ತಯಾರಿಕೆ ನಿಂತ ಮೇಲೂ ಹಳೆಯ ಟ್ಯಾಕ್ಸಿಗಳು ವರ್ಷಗಟ್ಟಲೆ ಓಡಿದವು. 2023ರ ಅಕ್ಟೋಬರ್ 30ರಂದು ಅವು ಮುಂಬಯಿಯಲ್ಲಿ ಸೇವೆಯಿಂದ ನಿವೃತ್ತವಾದವು. ಅಷ್ಟು ದೀರ್ಘಕಾಲ ಅವು ಬಾಳಿದ್ದು ಎಣ್ಣೆ ಬದಲಿಸಿ, ಕಾರ್ಬ್ಯುರೇಟರ್ ತೊಳೆದು, ತುಕ್ಕು ಕೆರೆದು ಬಣ್ಣ ಬಳಿದ ಸಾಮಾನ್ಯ ದುಡಿಮೆಗಾರರ ಶ್ರದ್ಧೆಯಿಂದ. ವಾಲ್‌ಚಂದರು ಹಟ ಹಿಡಿದು ಆರಂಭಿಸಿದ್ದನ್ನು ಹೆಸರಿಲ್ಲದ ಆ ಕೈಗಳು ಉಳಿಸಿಕೊಂಡವು. ಗುಮಾಸ್ತನೊಬ್ಬನ ಜೊತೆಗಾರಿಕೆಯಿಂದ ಹೊರಟ ಆ ಬಾಳು, ನಿತ್ಯದ ದುಡಿಮೆಯಲ್ಲಿರುವ ನಮಗೆಲ್ಲ ಸ್ಮರಣೀಯವಾಗಿದೆ.