ಎಂಬತ್ತರಲ್ಲಿ ಪಕ್ಷ ಕಟ್ಟಿ ನೆಹರೂಗೆ ಎದುರು ನಿಂತ ರಾಜಾಜಿ: 'ಲೈಸೆನ್ಸ್ ರಾಜ್'ಗೆ ಹೆಸರಿಟ್ಟವರ ಕತೆ

ಎಂಬತ್ತು ದಾಟಿದ ಹಿರಿಯರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಮೊಮ್ಮಕ್ಕಳಿಗೆ ಕತೆ ಹೇಳುತ್ತಾರೆ, ರಾಮಾಯಣ ಓದುತ್ತಾರೆ, ಬೆಳಗ್ಗೆ ಪೇಪರ್ ಹಿಡಿದು ದೇಶ ಕೆಟ್ಟುಹೋಯಿತು ಎಂದು ಮರುಗುತ್ತಾರೆ. ಚಕ್ರವರ್ತಿ ರಾಜಗೋಪಾಲಾಚಾರಿ ಈ ಮೂರನ್ನೂ ಮಾಡುತ್ತಿದ್ದರು. ಅಷ್ಟಕ್ಕೇ ನಿಲ್ಲಲಿಲ್ಲ. 1959ರ ಜೂನ್ 4ರಂದು ಅಂದಿನ ಮದ್ರಾಸು, ಇಂದಿನ ಚೆನ್ನೈನಲ್ಲಿ ಹೊಸ ರಾಜಕೀಯ ಪಕ್ಷವೊಂದನ್ನು ಘೋಷಿಸಿಬಿಟ್ಟರು. ಅದೇ ಸ್ವತಂತ್ರ ಪಕ್ಷ.

ಅವರಿಗೆ ಪದವಿಯ ಹಸಿವು ಇರಲು ಸಾಧ್ಯವೇ ಇರಲಿಲ್ಲ. ಸ್ವತಂತ್ರ ಭಾರತದ ಏಕೈಕ ಭಾರತೀಯ ಗವರ್ನರ್ ಜನರಲ್ ಆಗಿದ್ದವರು, ಕೇಂದ್ರ ಗೃಹ ಸಚಿವರಾಗಿದ್ದವರು, ಮದ್ರಾಸ್ ಸರ್ಕಾರವನ್ನು ಎರಡು ಬಾರಿ ನಡೆಸಿದವರು, 1954ರಲ್ಲೇ ಭಾರತ ರತ್ನ ಪಡೆದವರು. ಎದುರಿಗಿದ್ದವರು ಜನಪ್ರಿಯತೆಯ ತುತ್ತತುದಿಯಲ್ಲಿದ್ದ ಜವಾಹರಲಾಲ್ ನೆಹರೂ. ರಾಜಾಜಿಯನ್ನೇ ಮೊದಲ ರಾಷ್ಟ್ರಪತಿ ಮಾಡಬೇಕೆಂದು ಬಯಸಿದ್ದ ಹಳೆಯ ಗೆಳೆಯ. ಅಂಥವರ ವಿರುದ್ಧ ಈ ವಯಸ್ಸಿನಲ್ಲಿ ಯಾಕೆ ಬೇಕಿತ್ತು ಎಂದು ಕೇಳಿದವರು ಆಗ ಬಹಳ ಮಂದಿ.

ರಾಜಾಜಿ ಹುಟ್ಟಿದ್ದು 1878ರ ಡಿಸೆಂಬರ್ 10ರಂದು, ಹೊಸೂರು ಬಳಿಯ ತೊರಪಳ್ಳಿಯಲ್ಲಿ. ಬೆಂಗಳೂರಿನಿಂದ ಒಂದು ಗಂಟೆಯ ಹಾದಿ. ತಂದೆ ಊರಿನ ಮುನ್ಸೀಫರು. ಮನೆಮಾತು ತಮಿಳು, ಸುತ್ತಮುತ್ತ ಕನ್ನಡ, ತೆಲುಗು. ಹೊಸೂರಿನ ಶಾಲೆ ಮುಗಿಸಿ ಬಂದದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ. ಮುಂದೆ 'ಕೆಲವು ನೆನಪುಗಳು' ಬರೆದ ನವರತ್ನ ರಾಮರಾಯರು ಅಲ್ಲಿನ ಸಹಪಾಠಿ, ಕೊನೆಯವರೆಗೂ ಆಪ್ತ ಸ್ನೇಹಿತ. ನಂತರ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕಾನೂನು, ಸೇಲಂನಲ್ಲಿ ವಕೀಲಿ, ಅಲ್ಲಿಯ ಪುರಸಭೆಯ ಅಧ್ಯಕ್ಷಗಿರಿ.

1919ರಲ್ಲಿ ವಕೀಲರು ಮದ್ರಾಸಿಗೆ ಬಂದು ನೆಲೆಸಿದ್ದರು. ವಿಚಾರಣೆ ಇಲ್ಲದೆ ಜನರನ್ನು ಒಳಗೆ ಹಾಕಲು ಬ್ರಿಟಿಷರು ರೌಲಟ್ ಕಾಯ್ದೆ ತಂದ ವರ್ಷವದು. ಮಾರ್ಚ್‌ನಲ್ಲಿ ಗಾಂಧೀಜಿ ಮದ್ರಾಸಿಗೆ ಬಂದು ರಾಜಾಜಿಯ ಮನೆಯಲ್ಲಿ ತಂಗಿದರು. ದೇಶಾದ್ಯಂತ ಹರತಾಳ ನಡೆಸುವ ವಿಚಾರ ಗಾಂಧೀಜಿಗೆ ಹೊಳೆದದ್ದು ಆ ಮನೆಯಲ್ಲಿ, ಬೆಳಗಿನ ಅರೆನಿದ್ದೆಯಲ್ಲಿ. ಮೊದಲು ಅದನ್ನು ಕೇಳಿಸಿಕೊಂಡವರು ರಾಜಾಜಿ.

ಮಾತನ್ನು ಸರಳ ಮಾಡುವ ವಿದ್ಯೆ ಅವರಿಗೆ ಕರಗತವಾದದ್ದು ತಿರುಚೆಂಗೋಡು ಬಳಿಯ ಗಾಂಧಿ ಆಶ್ರಮದಲ್ಲಿ. ಅಲ್ಲಿಂದ ಮದ್ಯಪಾನದ ವಿರುದ್ಧ 'ವಿಮೋಚನಂ' ಎಂಬ ತಮಿಳು ಮಾಸಪತ್ರಿಕೆ ತಂದರು. ಕೈಜೋಡಿಸಿದ್ದು ಮುಂದೆ 'ಕಲ್ಕಿ' ಎಂದೇ ಹೆಸರಾದ ಆರ್. ಕೃಷ್ಣಮೂರ್ತಿ. ಓದು ಬರಹ ಅಷ್ಟಾಗಿ ಇಲ್ಲದ ಹಳ್ಳಿಯವರಿಗೆ ಹೆಂಡದ ಲೆಕ್ಕ ತಿಳಿಸಬೇಕು. ದೊಡ್ಡ ಮಾತು ಅಲ್ಲಿ ನಡೆಯುವುದಿಲ್ಲ. ರಸಾಯನಶಾಸ್ತ್ರವನ್ನು ಜಗಲಿ ಹರಟೆಯಂತೆ ಹೇಳುವ 'ತಿಣ್ಣೈ ರಸಾಯನಂ' ಎಂಬ ಪುಸ್ತಕವನ್ನೂ ಅವರು ಬರೆದರು. ಮಹಾಭಾರತ, ರಾಮಾಯಣಗಳನ್ನು ಪತ್ರಿಕೆ ಓದುಗರಿಗೆ ಕಂತುಕಂತಾಗಿ ಕೊಟ್ಟರು. ರಾಮಾಯಣಕ್ಕೆ 1958ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಇಷ್ಟು ಹೇಳಿ ಅವರನ್ನು ಪ್ರಜಾಪ್ರಭುತ್ವದ ಹುಟ್ಟು ಕಾವಲುಗಾರ ಎಂದುಬಿಟ್ಟರೆ ಅರ್ಧ ಸತ್ಯವಾದೀತು. ಅಧಿಕಾರದಲ್ಲಿದ್ದ ರಾಜಾಜಿ ಬೇರೆಯೇ ಮನುಷ್ಯ. 1937ರಲ್ಲಿ ಮದ್ರಾಸ್ ಪ್ರಾಂತ್ಯದ ಪ್ರೀಮಿಯರ್ ಆದಾಗ ಶಾಲೆಗಳಲ್ಲಿ ಹಿಂದಿ ಕಡ್ಡಾಯ ಮಾಡಿದರು. ಪ್ರತಿಭಟಿಸಿದ ಸಾವಿರಕ್ಕೂ ಹೆಚ್ಚು ಜನರನ್ನು ಜೈಲಿಗೆ ಕಳಿಸಿದರು. ಅವರಲ್ಲಿ ಪೆರಿಯಾರ್ ಕೂಡ ಒಬ್ಬರು. ಕಾಂಗ್ರೆಸಿಗರ ಮೇಲೆ ಬ್ರಿಟಿಷರು ಝಳಪಿಸಿದ್ದ ಕಾನೂನನ್ನೇ ಇದಕ್ಕೆ ಬಳಸಿದರು. 1951ರಲ್ಲಿ ಗೃಹ ಸಚಿವರಾಗಿ ಮುಂಜಾಗ್ರತಾ ಬಂಧನ ಕಾಯ್ದೆಯ ತಿದ್ದುಪಡಿಯನ್ನು ಸಂಸತ್ತಿನಲ್ಲಿ ಸಮರ್ಥಿಸಿದರು, ಪತ್ರಿಕೆಗಳ ಆಕ್ಷೇಪಾರ್ಹ ಬರಹ ತಡೆಯುವ ಮಸೂದೆಯನ್ನೂ ತಂದರು. ರೌಲಟ್ ಕಾಯ್ದೆ ವಿರುದ್ಧದ ಹರತಾಳ ಹುಟ್ಟಿದ್ದು ಇದೇ ವ್ಯಕ್ತಿಯ ಮನೆಯಲ್ಲಿ!

1952ರಲ್ಲಿ ಮತ್ತೂ ಒಂದು ಹೆಜ್ಜೆ ಮುಂದೆ. ಮದ್ರಾಸ್ ವಿಧಾನಸಭೆಯ 375 ಸ್ಥಾನಗಳಲ್ಲಿ ಕಾಂಗ್ರೆಸ್‌ಗೆ ಸಿಕ್ಕಿದ್ದು 152. ಚುನಾವಣೆಗೆ ನಿಲ್ಲದ ರಾಜಾಜಿಯನ್ನು ರಾಜ್ಯಪಾಲರು ವಿಧಾನ ಪರಿಷತ್ತಿಗೆ ನಾಮಕರಣ ಮಾಡಿದರು, ಅವರು ಮುಖ್ಯಮಂತ್ರಿಯಾದರು. ಮರುವರ್ಷ ಹಳ್ಳಿ ಶಾಲೆಗಳ ಸಮಯ ಅರ್ಧಕ್ಕಿಳಿಸಿ, ಉಳಿದ ಹೊತ್ತು ಮಕ್ಕಳು ಅಪ್ಪನ ಕಸುಬು ಕಲಿಯಲಿ ಎಂಬ ಯೋಜನೆ ತಂದರು. ಜಾತಿಯನ್ನು ಗಟ್ಟಿ ಮಾಡುವ ಕುಲಕಸುಬಿನ ಶಿಕ್ಷಣ ಇದು ಎಂದು ವಿರೋಧಿಗಳು ಒಂದೇ ಪದದಲ್ಲಿ ಹೆಸರಿಟ್ಟರು. ಆ ಹೆಸರು ಅಂಟಿಕೊಂಡಿತು. 1954ರ ಏಪ್ರಿಲ್‌ನಲ್ಲಿ ರಾಜಾಜಿ ಕುರ್ಚಿ ಬಿಟ್ಟರು, ಕಾಮರಾಜ್ ಬಂದರು. ಒಂದು ಹೆಸರು ಒಂದು ಸರ್ಕಾರವನ್ನೇ ಅಲುಗಾಡಿಸಬಲ್ಲದು ಎಂಬುದನ್ನು ಅವರು ಸ್ವತಃ ಅನುಭವಿಸಿದರು.

ಆದರೆ ಅದೇ ಅವಧಿಯಲ್ಲಿ ಅವರು ಮಾಡಿದ ಇನ್ನೊಂದು ಕೆಲಸ ಮುಂದಿನ ಹೋರಾಟಕ್ಕೆ ಬೀಜವಾಯಿತು. ಯುದ್ಧಕಾಲದಿಂದ ಬಂದಿದ್ದ ಅಕ್ಕಿಯ ಕಂಟ್ರೋಲ್ ಮತ್ತು ರೇಷನ್ ವ್ಯವಸ್ಥೆಯನ್ನು 1952ರಲ್ಲಿ ರದ್ದು ಮಾಡಿದರು. ಹಾಹಾಕಾರ ಎದ್ದೀತು ಎಂದು ಹೆದರಿದವರಿದ್ದರು. ಅಂಥದ್ದೇನೂ ಆಗಲಿಲ್ಲ. ಅಂಗಡಿ ಮುಂದಿನ ಕ್ಯೂ ಕರಗಿತು, ಜನ ಖುಷಿಪಟ್ಟರು.

ಈಗ 1959ಕ್ಕೆ ಬರೋಣ. ಆ ವರ್ಷದ ಜನವರಿಯಲ್ಲಿ ನಾಗ್ಪುರ ಅಧಿವೇಶನದಲ್ಲಿ ಕಾಂಗ್ರೆಸ್ ಜಂಟಿ ಸಹಕಾರಿ ಕೃಷಿಯ ನಿರ್ಣಯ ಕೈಗೊಂಡಿತು. ರೈತನ ಜಮೀನು ನಾಳೆ ಯಾರದ್ದು ಎಂಬ ಭಯ ಹುಟ್ಟಿತು. ರೈತ ನಾಯಕ ಎನ್.ಜಿ. ರಂಗಾ ಕಾಂಗ್ರೆಸ್ ಬಿಟ್ಟು ಹೊಸ ಪಕ್ಷದ ಅಧ್ಯಕ್ಷರಾದರು. ಮುಂಬೈನ ಮೀನೂ ಮಸಾನಿ ಜೊತೆಯಾದರು. ಚಿಹ್ನೆ ನಕ್ಷತ್ರ. ಮೂಲ ತತ್ವಗಳು ಇಪ್ಪತ್ತೊಂದು. ಅವುಗಳಿಗೆ ಹೊರತಾದ ವಿಷಯಗಳಲ್ಲಿ ಸದಸ್ಯರು ತಮಗೆ ಸರಿ ಕಂಡಂತೆ ನಡೆಯಬಹುದಿತ್ತು. ಹೈಕಮಾಂಡ್ ಹೇಳಿದ್ದೇ ವೇದವಾಗಿರುವ ಈ ಕಾಲದಲ್ಲಿ ಇದನ್ನು ಓದಿದರೆ ವಿಚಿತ್ರ ಎನಿಸುತ್ತದೆ.

ರಾಜಾಜಿಯ ವಾದ ಏನಾಗಿತ್ತು? ನೆಹರೂ ಸರ್ವಾಧಿಕಾರಿ ಎಂದು ಅವರು ಹೇಳಲಿಲ್ಲ. ಕಾರಿಗೆ ಆಕ್ಸಲರೇಟರ್ ಇದ್ದು ಬ್ರೇಕ್ ಇಲ್ಲದಿದ್ದರೆ ಚಾಲಕ ಎಷ್ಟು ಒಳ್ಳೆಯವನಾದರೂ ಅಪಾಯವೇ ಎಂಬ ಬಗೆಯ ಯೋಚನೆ ಅವರದು. ಒಂದೇ ಪಕ್ಷ ಎಲ್ಲ ಕಡೆ ಗೆಲ್ಲುತ್ತಾ ಹೋದರೆ ಸಂಸತ್ತು ಇದ್ದೂ ಇಲ್ಲದಂತಾಗುತ್ತದೆ. ಅದನ್ನು ತಡೆಯಲು ಬಲವಾದ ವಿರೋಧ ಪಕ್ಷ ಬೇಕು, ಅದೂ ಸರ್ಕಾರಕ್ಕಿಂತ ಎಡಕ್ಕೆ ಎಳೆಯುವ ಪಕ್ಷವಲ್ಲ, ನಿಲ್ಲು ಎನ್ನುವ ಪಕ್ಷ.

ಇಂಥ ಒಣ ಮಾತನ್ನು ಜನರಿಗೆ ದಾಟಿಸುವುದು ಹೇಗೆ? ಅವರು ಅದಕ್ಕೊಂದು ಹೆಸರು ಕೊಟ್ಟರು: ಪರ್ಮಿಟ್ ಲೈಸೆನ್ಸ್ ಕೋಟಾ ರಾಜ್. ಬ್ರಿಟಿಷ್ ರಾಜ್ ಹೋಗಿ ಹತ್ತು ಹನ್ನೆರಡು ವರ್ಷವಾಗಿತ್ತಷ್ಟೆ. ಆ 'ರಾಜ್' ಎಂಬ ಎರಡಕ್ಷರವನ್ನು ಹೊಸ ಸರ್ಕಾರದ ಬಾಲಕ್ಕೆ ಕಟ್ಟಿದ್ದರಲ್ಲೇ ಪೂರ್ತಿ ಟೀಕೆ ಅಡಗಿತ್ತು. 1951ರ ಕೈಗಾರಿಕಾ ಕಾಯ್ದೆಯ ಪ್ರಕಾರ ದೊಡ್ಡ ಕಾರ್ಖಾನೆ ತೆರೆಯಲು ಲೈಸೆನ್ಸ್ ಬೇಕು, ಇದ್ದದ್ದನ್ನು ವಿಸ್ತರಿಸಲೂ ಬೇಕು. ವಿದೇಶದಿಂದ ಯಂತ್ರ ತರಿಸಲು ಪರ್ಮಿಟ್ ಬೇಕು. ಮನೆ ಕಟ್ಟಲು ಸಿಮೆಂಟ್ ಪರ್ಮಿಟ್‌ಗೆ ಅಲೆದವರು, ಸ್ಕೂಟರ್ ಬುಕ್ ಮಾಡಿ ವರ್ಷಗಟ್ಟಲೆ ಕಾದವರು ನಮ್ಮ ಮನೆಗಳಲ್ಲೂ ಇದ್ದಾರೆ. ಅಜ್ಜಂದಿರನ್ನು ಕೇಳಿ ನೋಡಿ.

ರಾಜಾಜಿ ಇದನ್ನು ಬರೀ ವ್ಯಾಪಾರದ ತಾಪತ್ರಯವಾಗಿ ನೋಡಲಿಲ್ಲ ಎಂಬುದು ಮುಖ್ಯ. ಲೈಸೆನ್ಸ್ ಕೊಡುವ ಕೈ ಆಳುವ ಪಕ್ಷದ್ದು. ಪಡೆದವನು ಚುನಾವಣೆಗೆ ದೇಣಿಗೆ ಕೊಡುತ್ತಾನೆ. ಆ ದುಡ್ಡಿನಿಂದ ಅದೇ ಪಕ್ಷ ಮತ್ತೆ ಗೆಲ್ಲುತ್ತದೆ, ಮತ್ತೆ ಲೈಸೆನ್ಸ್ ಹಂಚುತ್ತದೆ. ಕೇಳುವ ಧೈರ್ಯ ಯಾರಿಗೂ ಉಳಿಯುವುದಿಲ್ಲ. ಹಾಗಾಗಿ ಚುನಾವಣಾ ವೆಚ್ಚವನ್ನು ಇಳಿಸಬೇಕು, ಸರ್ಕಾರವೇ ಹೊರಬೇಕು ಎಂದೂ ಅವರು ಬರೆಯುತ್ತಿದ್ದರು. ಪತ್ರಿಕೆಗಳು ಅಚ್ಚಾಗುವ ಕಾಗದಕ್ಕೂ ಆಗ ಸರ್ಕಾರಿ ಕೋಟಾ ಇತ್ತು. ಸೆನ್ಸಾರ್ ಇಲ್ಲದೆಯೂ ಪತ್ರಿಕೆಯ ಕೊರಳು ಹಿಡಿಯಲು ಅಷ್ಟು ಸಾಕು. ಪತ್ರಿಕೆಗಳ ಪುಟಗಳಿಗೆ ಮಿತಿ ಹೇರಿದ್ದ ನೀತಿಯನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 1972ರ ಅಕ್ಟೋಬರ್ 30ರಂದು, ರಾಜಾಜಿ ತೀರಿಕೊಳ್ಳುವ ಎರಡು ತಿಂಗಳ ಮುಂಚೆ.

ಅವರ ಕೈಯಲ್ಲಿದ್ದ ಆಯುಧ ಮದ್ರಾಸಿನಿಂದ ಬರುತ್ತಿದ್ದ 'ಸ್ವರಾಜ್ಯ' ಎಂಬ ಇಂಗ್ಲಿಷ್ ವಾರಪತ್ರಿಕೆ, ತಮಿಳಿನಲ್ಲಿ 'ಕಲ್ಕಿ'. 'ಸ್ವರಾಜ್ಯ'ದಲ್ಲಿ ಓದುಗರಿಗೆ ಪತ್ರ ಬರೆದಂತೆ ವಾರವಾರವೂ ಬರೆದರು. ವಾಕ್ಯಗಳು ಚಿಕ್ಕವು, ಅಂಕಿಅಂಶ ಕಡಿಮೆ, ಉಪಮೆ ಅಡುಗೆಮನೆಯದೋ ಹೊಲದ್ದೋ ಪುರಾಣದ್ದೋ. ಹದಿನೇಳನೇ ತಿದ್ದುಪಡಿಯಂಥ ಕಬ್ಬಿಣದ ಕಡಲೆಯನ್ನೂ ರೈತ ತನ್ನ ಪಹಣಿ ಓದುವಂತೆ ಓದಿಕೊಳ್ಳಬಹುದಿತ್ತು. ನಡುವೆ 1962ರಲ್ಲಿ ಅಣು ಪರೀಕ್ಷೆ ನಿಲ್ಲಿಸಿ ಎಂದು ಕೇಳಲು ಅಮೆರಿಕಕ್ಕೆ ಹೋಗಿ ಅಧ್ಯಕ್ಷ ಕೆನಡಿಯನ್ನೂ ಕಂಡು ಬಂದರು.

ಫಲ ಸಿಕ್ಕಿತೇ? ಸ್ವಲ್ಪ ಸಿಕ್ಕಿತು. 1962ರಲ್ಲಿ ಲೋಕಸಭೆಯ 18 ಸ್ಥಾನ, 1967ರಲ್ಲಿ 44. ಪ್ರಮುಖ ವಿರೋಧ ಪಕ್ಷದ ಸ್ಥಾನ ಸ್ವತಂತ್ರ ಪಕ್ಷದ್ದಾಯಿತು. ನಮ್ಮ ಉಡುಪಿಯಿಂದಲೂ ಜೆ.ಎಂ. ಲೋಬೊ ಪ್ರಭು ಈ ಪಕ್ಷದಿಂದ ಗೆದ್ದರು. ಆದರೆ ಜೈಪುರದ ಮಹಾರಾಣಿ ಗಾಯತ್ರಿ ದೇವಿ, ಒಡಿಶಾದ ರಾಜಮನೆತನದವರು, ಮುಂಬೈನ ಉದ್ಯಮಿಗಳು ಪಕ್ಷದ ಮುಂದಿನ ಸಾಲಿನಲ್ಲಿದ್ದರು. ಇದು ರಾಜರ, ಶ್ರೀಮಂತರ ಪಕ್ಷ ಎಂಬ ಎದುರು ಮಾತು ಕೂಡ ಸುಲಭವಾಗಿ ಅಂಟಿತು. ರೈತನ ಸ್ವಾತಂತ್ರ್ಯದ ಮಾತು ಅರಮನೆಯ ಬಾಗಿಲಲ್ಲಿ ನಿಂತು ಹೇಳಿದರೆ ಹೇಗೆ ಕೇಳಿಸೀತು?

ಮದ್ರಾಸಿನಲ್ಲಿ ಮಾತ್ರ ಅವರು ಬೇರೆ ಆಟ ಆಡಿದರು. ಕಾಂಗ್ರೆಸ್ ಒಮ್ಮೆಯಾದರೂ ಸೋಲಬೇಕು ಎಂಬ ಒಂದೇ ಗುರಿ. ಅದಕ್ಕಾಗಿ ತಮ್ಮ ಹಳೆಯ ವೈರಿಗಳಾದ ಡಿಎಂಕೆಯ ಅಣ್ಣಾದೊರೈ ಕೈ ಹಿಡಿದರು. 1937ರಲ್ಲಿ ಹಿಂದಿ ಹೇರಿದವರೇ 1965ರಲ್ಲಿ ಹಿಂದಿ ಹೇರಿಕೆಯ ವಿರುದ್ಧ ಬರೆದರು. ಒಂದು ಕೈಯಲ್ಲಿ ಜನಿವಾರ ಹಿಡಿದು ಇನ್ನೊಂದು ಕೈಯಿಂದ ಡಿಎಂಕೆಗೆ ಮತ ಹಾಕಿ ಎಂದು ಬ್ರಾಹ್ಮಣರಿಗೆ ಹೇಳಿದರೆಂಬ ಕತೆ ಚೆನ್ನೈನಲ್ಲಿ ಈಗಲೂ ಓಡಾಡುತ್ತದೆ. 1967ರಲ್ಲಿ ಡಿಎಂಕೆ ಅಧಿಕಾರಕ್ಕೆ ಬಂತು. ಸ್ವತಂತ್ರ ಪಕ್ಷಕ್ಕೆ 20 ಸ್ಥಾನ. ಕಾಮರಾಜ್ ಸ್ವಂತ ಊರು ವಿರುದುನಗರದಲ್ಲೇ ವಿದ್ಯಾರ್ಥಿ ನಾಯಕನೊಬ್ಬನ ಎದುರು ಸೋತರು. ಆದರೆ ಡಿಎಂಕೆಗೆ ಒಂಟಿಯಾಗಿಯೇ ಬಹುಮತ ಸಿಕ್ಕಿದ್ದರಿಂದ ರಾಜಾಜಿಯ ಪಕ್ಷಕ್ಕೆ ಸಂಪುಟದಲ್ಲಿ ಜಾಗ ಸಿಗಲಿಲ್ಲ. ಗೆಳೆತನ ಬೇಗ ಹಳಸಿತು. 1971ರಲ್ಲಿ ಕರುಣಾನಿಧಿ ಸರ್ಕಾರ ಪಾನನಿಷೇಧ ಕೈಬಿಡಲು ಹೊರಟಾಗ ತೊಂಬತ್ತೆರಡರ ವೃದ್ಧ ಅವರ ಮನೆಗೇ ಹೋಗಿ ಬೇಡ ಎಂದು ಕೇಳಿಕೊಂಡರು. ಉಪಯೋಗವಾಗಲಿಲ್ಲ.

ಅದಕ್ಕೂ ಮೊದಲು, ಅದೇ ವರ್ಷದ ಮಾರ್ಚ್‌ನಲ್ಲಿ ದೊಡ್ಡ ಪೆಟ್ಟು ಬಿದ್ದಿತ್ತು. ಕಾಂಗ್ರೆಸ್ ಒಡೆದು, ಬ್ಯಾಂಕುಗಳು ರಾಷ್ಟ್ರೀಕರಣಗೊಂಡು, ಅಧಿಕಾರವೆಲ್ಲ ಪ್ರಧಾನಿ ಇಂದಿರಾ ಗಾಂಧಿ ಒಬ್ಬರ ಸುತ್ತ ಸೇರುತ್ತಿದೆ ಎಂದು ರಾಜಾಜಿ ಎಚ್ಚರಿಸುತ್ತಲೇ ಇದ್ದರು. ಚುನಾವಣೆಗಾಗಿ ಇಪ್ಪತ್ತು ವರ್ಷದ ಎದುರಾಳಿ ಕಾಮರಾಜ್ ಜೊತೆ ಒಂದಾದರು. ವಿರೋಧ ಪಕ್ಷಗಳ ಮಹಾಮೈತ್ರಿಯ ಘೋಷಣೆ ಇಂದಿರಾ ಹಟಾವೋ. ಇಂದಿರಾ ಕೊಟ್ಟ ಉತ್ತರ ಗರೀಬಿ ಹಟಾವೋ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಫಲಿತಾಂಶಕ್ಕೆ ಕಾಯಬೇಕಿರಲಿಲ್ಲ. ಒಂದು ವ್ಯಕ್ತಿಯನ್ನು ತೆಗೆಯಿರಿ ಎನ್ನುತ್ತದೆ, ಇನ್ನೊಂದು ಬಡತನವನ್ನು. ಹೆಸರಿಡುವುದರಲ್ಲಿ ದೇಶಕ್ಕೇ ಪಾಠ ಹೇಳಿದ್ದ ಹಿರಿಯರ ಪಾಳಯ, ಹೆಸರಿನ ಆಟದಲ್ಲೇ ಸೋತಿತು. ಇಂದಿರಾ ಕಾಂಗ್ರೆಸ್‌ಗೆ 352 ಸ್ಥಾನ, ಸ್ವತಂತ್ರ ಪಕ್ಷಕ್ಕೆ ಎಂಟು. ತಮಿಳುನಾಡಿನಲ್ಲಿ ಡಿಎಂಕೆ 184 ಕ್ಷೇತ್ರ ಬಾಚಿಕೊಂಡಿತು.

ರಾಜಾಜಿ ಬರೆಯುವುದನ್ನು ನಿಲ್ಲಿಸಲಿಲ್ಲ. ಸ್ವರಾಜ್ಯ ಬಂದರೂ ಒಳ್ಳೆಯ ಆಡಳಿತ ತಾನಾಗಿ ಬರುವುದಿಲ್ಲ, ಚುನಾವಣೆಯ ಭ್ರಷ್ಟಾಚಾರ, ಹಣಬಲ, ಅನ್ಯಾಯ ಜನರನ್ನು ಕಾಡಲಿವೆ ಎಂದು 1922ರಲ್ಲಿ ವೆಲ್ಲೂರು ಜೈಲಿನ ಡೈರಿಯಲ್ಲೇ ಅವರು ಬರೆದಿಟ್ಟಿದ್ದರು. ಐವತ್ತು ವರ್ಷದ ನಂತರವೂ ಅದನ್ನೇ ಬರೆಯುತ್ತಿದ್ದರು.

1972ರ ಡಿಸೆಂಬರ್ 25ರಂದು ಮದ್ರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಪಾರ್ಥಿವ ಶರೀರವನ್ನು ಅವರದೇ ಹೆಸರಿನ ರಾಜಾಜಿ ಹಾಲ್‌ನಲ್ಲಿ ಇಡಲಾಯಿತು. ಅಂತ್ಯಸಂಸ್ಕಾರಕ್ಕೆ ಗಾಲಿಕುರ್ಚಿಯಲ್ಲಿ ಬಂದ ಪೆರಿಯಾರ್ ಕಣ್ಣೀರಿಟ್ಟರು. 1938ರಲ್ಲಿ ಅವರನ್ನು ಜೈಲಿಗಟ್ಟಿದ್ದು ಇದೇ ರಾಜಾಜಿ ಸರ್ಕಾರ.

ಸ್ವತಂತ್ರ ಪಕ್ಷ 1974ರಲ್ಲಿ ಭಾರತೀಯ ಲೋಕದಳದಲ್ಲಿ ವಿಲೀನವಾಯಿತು. ಮರುವರ್ಷ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಪತ್ರಿಕೆಗಳಿಗೆ ಸೆನ್ಸಾರ್ ಬಿತ್ತು. ರಾಜಾಜಿಯ ಮೊಮ್ಮಗ ರಾಜಮೋಹನ್ ಗಾಂಧಿ ಮುಂಬೈನಲ್ಲಿ ನಡೆಸುತ್ತಿದ್ದ 'ಹಿಮ್ಮತ್' ವಾರಪತ್ರಿಕೆ ಸೆನ್ಸಾರ್‌ಗೆ ತಲೆಬಾಗಲಿಲ್ಲ. ಮೀನೂ ಮಸಾನಿ ತಮ್ಮ 'ಫ್ರೀಡಂ ಫಸ್ಟ್' ಪತ್ರಿಕೆಯ ಬರಹಗಳನ್ನು ತಡೆದ ಸೆನ್ಸಾರ್ ಅಧಿಕಾರಿಯ ವಿರುದ್ಧ ಬಾಂಬೆ ಹೈಕೋರ್ಟಿಗೆ ಹೋದರು. ತುರ್ತು ಪರಿಸ್ಥಿತಿ ಇನ್ನೂ ಜಾರಿಯಲ್ಲಿದ್ದಾಗಲೇ, 1976ರಲ್ಲಿ, ಆ ಮೊಕದ್ದಮೆಯನ್ನು ಗೆದ್ದರು.