ಹಾಸಿಗೆ ಹಿಡಿದವರನ್ನು ಎಬ್ಬಿಸಿದ ಡಾಕ್ಟರಮ್ಮ



ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು, ಸೊಂಟಕ್ಕೆ ಪೆಟ್ಟಾಯಿತು, ಹಾಸಿಗೆ ಹಿಡಿದರು. ತಾತನಿಗೆ ಲಕ್ವ ಹೊಡೆಯಿತು, ಹಾಸಿಗೆ ಹಿಡಿದರು. ಇಷ್ಟು ಹೇಳಿದ ಮೇಲೆ ಕೇಳುವವರಿಗೂ ಬೇರೆ ಪ್ರಶ್ನೆ ಇರುವುದಿಲ್ಲ. ವಯಸ್ಸಾಯಿತಲ್ಲ, ಇನ್ನೇನು ಮಾಡಲಿಕ್ಕಾಗುತ್ತದೆ ಎಂದು ಸುಮ್ಮನಾಗುತ್ತೇವೆ. ಸುಮಾರು 90 ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ದೊಡ್ಡ ದೊಡ್ಡ ವೈದ್ಯರೂ ಹೀಗೆಯೇ ಸುಮ್ಮನಾಗಿದ್ದರು. ಆಗ ಏನು ಮಾಡಬಹುದು ಎಂದು ಕೇಳಿದ್ದಲ್ಲದೆ, ಮಾಡಿಯೂ ತೋರಿಸಿದ ಹೆಂಗಸು ಡಾ. ಮಾರ್ಜರಿ ವಾರೆನ್. ವೃದ್ಧರ ವೈದ್ಯಕೀಯದ ತಾಯಿ ಎಂದು ಇಂದು ಅವರನ್ನು ಕರೆಯುತ್ತಾರೆ. ಆ ವಿಭಾಗದ ವೈದ್ಯರಲ್ಲಿ ಅವರ ಹೆಸರು ಕೇಳದವರು ಕಡಿಮೆ. ನಮ್ಮಂಥವರಲ್ಲಿ ಕೇಳಿದವರು ಕಡಿಮೆ.

ಮಾರ್ಜರಿ ಹುಟ್ಟಿದ್ದು 1897ರಲ್ಲಿ, ಲಂಡನ್ನಿನಲ್ಲಿ. ತಂದೆ ವಕೀಲರು. ಐದು ಹೆಣ್ಣುಮಕ್ಕಳಲ್ಲಿ ಇವರೇ ಹಿರಿಯರು. ಆ ಕಾಲದಲ್ಲಿ ಹೆಣ್ಣುಮಕ್ಕಳು ವೈದ್ಯಕೀಯ ಓದುವುದು ಸುಲಭವಿರಲಿಲ್ಲ, ಲಂಡನ್ನಿನ ಹಲವು ವೈದ್ಯಕೀಯ ಶಾಲೆಗಳು ಅವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ ಮೊದಲಿನಿಂದಲೂ ಬಾಗಿಲು ತೆರೆದಿದ್ದ ರಾಯಲ್ ಫ್ರೀ ಆಸ್ಪತ್ರೆಯ ಶಾಲೆಯಲ್ಲಿ ಓದಿ 1923ರಲ್ಲಿ ವೈದ್ಯೆಯಾದರು. ಶಸ್ತ್ರಚಿಕಿತ್ಸೆ ಅವರ ಆಸಕ್ತಿ. 1926ರಲ್ಲಿ ಲಂಡನ್ನಿನ ಪಶ್ಚಿಮಕ್ಕಿರುವ ಐಲ್‌ವರ್ತ್ ಎಂಬಲ್ಲಿನ ಆಸ್ಪತ್ರೆಗೆ ಸೇರಿದರು. ಅದೇ ಮುಂದೆ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆ ಎನಿಸಿಕೊಂಡಿತು. ಮುಂದಿನ ಅವರ ಕೆಲಸದ ಜೀವನ ಅಲ್ಲಿಯೇ ಕಳೆಯಿತು.

ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ಇಂಗ್ಲೆಂಡಿನಲ್ಲಿ 1834ರ ಬಡವರ ಕಾನೂನಿನ ಪ್ರಕಾರ, ಗತಿಯಿಲ್ಲದವರು ಸರ್ಕಾರದ ನೆರವು ಬೇಕೆಂದರೆ ವರ್ಕ್‌ಹೌಸ್ ಎಂಬ ಕಟ್ಟಡಕ್ಕೆ ಹೋಗಿ ಇರಬೇಕಿತ್ತು. ಸೋಮಾರಿಗಳು ಬರಬಾರದೆಂದು ಅದನ್ನು ಬೇಕೆಂದೇ ಕಠಿಣವಾಗಿ ಇಟ್ಟಿದ್ದರು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಕಾಲ ಕಳೆದಂತೆ ಅಲ್ಲಿ ಉಳಿದವರಲ್ಲಿ ಹೆಚ್ಚಿನವರು ಸೋಮಾರಿಗಳಲ್ಲ, ಮುದುಕರು ಮತ್ತು ಕಾಯಿಲೆಯವರು. ಹೆಸರಾಂತ ದೊಡ್ಡಾಸ್ಪತ್ರೆಗಳಿಗೆ ಬೇಗ ಗುಣವಾಗುವ ರೋಗಿಗಳು ಬೇಕಿದ್ದರು. ವರ್ಷಗಟ್ಟಲೆ ಮಲಗುವ ಮುದುಕರನ್ನು ಅವು ವರ್ಕ್‌ಹೌಸಿನ ರೋಗಿಶಾಲೆಗೆ ದಾಟಿಸುತ್ತಿದ್ದವು. 1929ರ ಹೊಸ ಕಾನೂನು ಈ ರೋಗಿಶಾಲೆಗಳನ್ನು ಜಿಲ್ಲಾ ಕೌನ್ಸಿಲ್‌ಗಳ ಕೈಗೆ ಕೊಟ್ಟಿತು. ಹಾಗೆ 1935ರಲ್ಲಿ ಪಕ್ಕದ ವರ್ಕ್‌ಹೌಸ್ ರೋಗಿಶಾಲೆ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯೊಳಗೆ ಸೇರಿಕೊಂಡಾಗ, ಅದರ ಜವಾಬ್ದಾರಿ ಮಾರ್ಜರಿಯ ತಲೆಗೆ ಬಂತು. ಯಾರಿಗೂ ಬೇಡವಾಗಿದ್ದ ಕೆಲಸ. ಒಟ್ಟು 714 ಹಾಸಿಗೆಗಳು.

ಒಳಗೆ ಹೋಗಿ ನೋಡಿದರೆ ಎಲ್ಲ ಬಗೆಯವರೂ ಒಂದೇ ವಾರ್ಡಿನಲ್ಲಿ. ಬುದ್ಧಿ ಚುರುಕಾಗಿದ್ದು ಕಾಲು ಮಾತ್ರ ಬರದವರು, ಪಕ್ಕದಲ್ಲೇ ರಾತ್ರಿಯಿಡೀ ಕೂಗಾಡುವ ಮರೆವಿನವರು, ಮಲಮೂತ್ರದ ಹಿಡಿತ ತಪ್ಪಿದವರು, ಲಕ್ವದವರು. ಬಹಳ ಜನರಿಗೆ ಏನು ಕಾಯಿಲೆ ಎಂದು ಸರಿಯಾಗಿ ಪರೀಕ್ಷಿಸಿ ಬರೆದೇ ಇರಲಿಲ್ಲ. ದೀರ್ಘಕಾಲದ ರೋಗಿ ಎಂಬ ಒಂದೇ ಹಣೆಪಟ್ಟಿ. ನರ್ಸ್‌ಗಳು ತೊಳೆಯುತ್ತಿದ್ದರು, ಉಣಿಸುತ್ತಿದ್ದರು, ಮತ್ತೆ ಮಲಗಿಸುತ್ತಿದ್ದರು. ಅದೇ ಒಳ್ಳೆಯ ಆರೈಕೆ ಎಂಬ ನಂಬಿಕೆ. ಅವರನ್ನು ಕೆಟ್ಟವರು ಎನ್ನಲಾಗದು.

ಆದರೆ ಮಲಗಿಸಿಯೇ ಇಟ್ಟರೆ ದೇಹಕ್ಕೆ ಏನಾಗುತ್ತದೆ? ಬಳಸದ ಸ್ನಾಯು ಕೆಲವೇ ದಿನಗಳಲ್ಲಿ ಸೊರಗುತ್ತದೆ. ಮಡಿಸಿಟ್ಟ ಮಂಡಿ ಮಡಿಸಿದಂತೆಯೇ ಬಿಗಿದುಕೊಳ್ಳುತ್ತದೆ, ಆಮೇಲೆ ಎಳೆದರೂ ನೇರವಾಗದು. ಮೂಳೆಯ ಸುಣ್ಣ ಕರಗುತ್ತದೆ. ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣು ಬೀಳುತ್ತದೆ. ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಬಹಿರ್ದೆಸೆಗೆ ಎದ್ದು ಹೋಗಲಾಗದೆ ಹಾಸಿಗೆಯಲ್ಲೇ ಆಗುತ್ತದೆ, ಆ ನಾಚಿಕೆಗೆ ಮನಸ್ಸು ಮುರಿಯುತ್ತದೆ. ಹೀಗೆ ಒಂದು ಕಾಯಿಲೆಯಿಂದ ಬಂದವರಿಗೆ ಹಾಸಿಗೆಯೇ ಐದಾರು ಕಾಯಿಲೆ ಕೊಡುತ್ತದೆ. ಅದನ್ನು ನೋಡಿದವರು ವಯಸ್ಸಿನ ಮೇಲೆ ತಪ್ಪು ಹೊರಿಸುತ್ತಾರೆ. ಮಾರ್ಜರಿಗೆ ಹೊಳೆದದ್ದು ಇದೇ: ಇಲ್ಲಿ ಕಾಣುತ್ತಿರುವ ದುರ್ಗತಿಯಲ್ಲಿ ಒಂದು ಪಾಲು ಮುಪ್ಪಿನದು, ಒಂದು ಪಾಲು ರೋಗದ್ದು, ಇನ್ನೊಂದು ಪಾಲು ನಾವೇ ಮಾಡಿದ್ದು.

ಅವರು ಮೊದಲು ಮಾಡಿದ ಕೆಲಸ ಕೇಳಿದರೆ ತೀರಾ ಸಾಧಾರಣ ಅನ್ನಿಸಬಹುದು. ಒಬ್ಬೊಬ್ಬ ರೋಗಿಯನ್ನೂ ಹೊಸದಾಗಿ ಬಂದವರಂತೆ ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿದರು. ಯಾವ ರೋಗ, ಕಣ್ಣು ಕಿವಿ ಹೇಗಿವೆ, ಎಷ್ಟು ನಡೆಯಬಲ್ಲರು, ಬುದ್ಧಿ ಹೇಗಿದೆ, ಮನೆಯಲ್ಲಿ ಯಾರಿದ್ದಾರೆ, ಎಲ್ಲವನ್ನೂ ನೋಡಿದರು. ಆಮೇಲೆ ಅವರನ್ನು ಐದು ಗುಂಪು ಮಾಡಿದರು. ಎದ್ದು ಓಡಾಡಬಲ್ಲವರು ಒಂದು. ಮಲಗಿದ್ದರೂ ಮಲಮೂತ್ರದ ಹಿಡಿತ ಇರುವವರು ಇನ್ನೊಂದು. ಹಿಡಿತ ತಪ್ಪಿದವರು ಮೂರನೆಯದು. ಅರುಳು ಮರುಳಾಗಿದ್ದರೂ ಯಾರಿಗೂ ತೊಂದರೆ ಕೊಡದವರು ನಾಲ್ಕನೆಯದು, ತೀವ್ರ ಮರೆವಿನಿಂದ ಪ್ರತ್ಯೇಕ ಆರೈಕೆ ಬೇಕಾದವರು ಕೊನೆಯದು. ನಾವು ಬಿ.ಎಸ್‌ಸಿ.ಯಲ್ಲಿ ಗಿಡಗಳ ವರ್ಗೀಕರಣವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೇ ಹೆಚ್ಚು. ಮನುಷ್ಯರನ್ನು ಹೀಗೆ ವಿಂಗಡಿಸುವುದು ಮೊದಲಿಗೆ ಚೆನ್ನಾಗಿ ಕೇಳಿಸುವುದಿಲ್ಲ, ನಿಜ. ಆದರೆ ವಿಂಗಡಿಸದೆ ಎಲ್ಲರಿಗೂ ಒಂದೇ ಹಾಸಿಗೆ ಹಾಕಿದ್ದರಿಂದ ತಾನೇ ಏಳಬಲ್ಲವರೂ ಏಳದೆ ಉಳಿದದ್ದು?

ಆಮೇಲೆ ವಾರ್ಡುಗಳ ರೂಪ ಬದಲಾಯಿತು. ಮಂಕು ಗೋಡೆಗಳಿಗೆ ಕೆನೆಬಣ್ಣ ಬಳಿಸಿದರು. ಬೆಳಕು ಹೆಚ್ಚಾಯಿತು. ಹಾಸಿಗೆಗಳ ಮೇಲೆ ಕೆಂಪು ಹೊದಿಕೆ ಬಂತು. ಹಿಡಿದು ನಡೆಯಲು ಕಂಬಿ ಹಾಕಿಸಿದರು. ರೇಡಿಯೋ ಕೇಳಲು ಹೆಡ್‌ಫೋನ್ ಸಹ ಕೊಡಿಸಿದರು. 1930ರ ದಶಕದಲ್ಲಿ ಗತಿಯಿಲ್ಲದ ಮುದುಕರಿಗೆ ರೇಡಿಯೋ! ಈ ಒಂದು ಸಂಗತಿ ನನಗೆ ತುಂಬ ಹಿಡಿಸಿತು. ಎದ್ದು ಕೂರಲು ಒಂದು ಕಾರಣ ಇಲ್ಲದವರು ಯಾಕೆ ಎದ್ದು ಕೂರಬೇಕು ಎಂಬುದು ಅವರಿಗೆ ತಿಳಿದಿತ್ತು.

ಒಬ್ಬ ವೈದ್ಯರಿಂದ ಇದೆಲ್ಲ ಆಗುವ ಕೆಲಸವಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ನರ್ಸ್, ಫಿಸಿಯೋಥೆರಪಿಸ್ಟ್, ಕೈಕೆಲಸಗಳನ್ನು ಮತ್ತೆ ಕಲಿಸುವವರು, ಮನೆಯವರೊಂದಿಗೆ ಮಾತಾಡುವ ಸಮಾಜ ಕಾರ್ಯಕರ್ತರು, ಎಲ್ಲರೂ ಒಂದು ತಂಡವಾಗಿ ಒಬ್ಬ ರೋಗಿಯ ಬಗ್ಗೆ ಯೋಚಿಸುವ ಪದ್ಧತಿ ತಂದರು. ಲಕ್ವದವರ ಮೇಲೆ ಅವರಿಗೆ ವಿಶೇಷ ಗಮನ. ಅದರ ಬಗ್ಗೆ ಲೇಖನಗಳನ್ನೂ ಬರೆದರು. ಲಕ್ವ ಹೊಡೆದವರನ್ನು ಬಹಳ ದಿನ ಹಾಗೇ ಬಿಟ್ಟರೆ ಕೈಕಾಲು ಬಿಗಿದುಕೊಳ್ಳುತ್ತವೆ, ಆದ್ದರಿಂದ ಬೇಗ ಶುರು ಮಾಡಬೇಕು. ಮೊದಲು ಹಾಸಿಗೆಯಲ್ಲೇ ಕಾಲು ಆಡಿಸುವುದು, ಆಮೇಲೆ ಅಂಚಿನಲ್ಲಿ ಕೂರುವುದು, ಹಿಡಿದುಕೊಂಡು ನಿಲ್ಲುವುದು, ಎರಡು ಹೆಜ್ಜೆ, ನಾಲ್ಕು ಹೆಜ್ಜೆ. ತಾನೇ ಬಟ್ಟೆ ಹಾಕಿಕೊಳ್ಳುವುದು, ತಾನೇ ಉಣ್ಣುವುದು. ಹತ್ತು ನಿಮಿಷ ಹಿಡಿದರೂ ಅವರ ಅಂಗಿಯ ಗುಂಡಿಯನ್ನು ಅವರೇ ಹಾಕಲಿ ಎಂದು ಕಾಯುವುದು. ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವವರಿಗೆ ಗೊತ್ತು, ನಾವೇ ಮಾಡಿಬಿಡುವುದಕ್ಕಿಂತ ಕಾಯುವುದು ಎಷ್ಟು ಕಷ್ಟ ಎಂದು.

ಫಲ ಏನಾಯಿತು? ಹಾಸಿಗೆಯಲ್ಲೇ ಸಾಯುತ್ತಾರೆ ಎಂದು ಬಿಟ್ಟಿದ್ದವರಲ್ಲಿ ಎಷ್ಟೋ ಜನ ನಡೆದರು. ಹಲವರು ಮನೆಗೆ ಹೋದರು, ಕೆಲವರು ವೃದ್ಧಾಶ್ರಮಗಳಿಗೆ. 714 ಇದ್ದ ಹಾಸಿಗೆಗಳು ಕಡೆಗೆ ಸುಮಾರು 240 ಸಾಕಾದವು. ಮೊದಲಿಗಿಂತ ಮೂರು ಪಟ್ಟು ವೇಗದಲ್ಲಿ ರೋಗಿಗಳು ಬಂದು ಗುಣವಾಗಿ ಹೋಗತೊಡಗಿದರು. ಖಾಲಿಯಾದ ಹಾಸಿಗೆಗಳನ್ನು ಕ್ಷಯರೋಗಿಗಳಿಗೆ ಬಿಟ್ಟುಕೊಟ್ಟರು. ಎಲ್ಲರೂ ಎದ್ದರು ಎಂದಲ್ಲ, ಏಳಲಾಗದವರು ಉಳಿದೇ ಉಳಿದರು. ಅವರಿಗೂ ಹುಣ್ಣಿಲ್ಲದ ಬೆನ್ನು, ಒಣಗಿದ ಹಾಸಿಗೆ, ಮಾತಾಡಲು ತಕ್ಕವರ ಜೊತೆ ಸಿಕ್ಕಿತು.

ಅಷ್ಟರಲ್ಲಿ ಎರಡನೇ ಮಹಾಯುದ್ಧ. 1939ರಲ್ಲಿ ಬಾಂಬಿನ ಗಾಯಾಳುಗಳಿಗೆ ಜಾಗ ಬೇಕೆಂದು ಬ್ರಿಟನ್ನಿನ ಆಸ್ಪತ್ರೆಗಳಿಂದ ಸಾವಿರಾರು ಹಳೆಯ ರೋಗಿಗಳನ್ನು ಹೊರಗೆ ಕಳಿಸಿದರು. ಎಲ್ಲಿಯೋ ಮರೆಯಲ್ಲಿದ್ದ ಈ ಜನರ ಸ್ಥಿತಿ ಆಗ ಎಲ್ಲರ ಕಣ್ಣಿಗೂ ಬಿತ್ತು. ಯುದ್ಧದ ನಡುವೆಯೇ, 1943ರಲ್ಲಿ, ಮಾರ್ಜರಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತಮ್ಮ ಅನುಭವವನ್ನು ಬರೆದರು. 1946ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮತ್ತೊಂದು ಲೇಖನ. ಅವರ ಬೇಡಿಕೆ ಸ್ಪಷ್ಟವಾಗಿತ್ತು. ವೃದ್ಧ ರೋಗಿಗಳನ್ನು ಊರಾಚೆಯ ಕಟ್ಟಡಕ್ಕೆ ತಳ್ಳದೆ, ಎಕ್ಸ್-ರೇ, ಪ್ರಯೋಗಾಲಯ, ತಜ್ಞರು ಎಲ್ಲ ಇರುವ ಸಾಮಾನ್ಯ ಆಸ್ಪತ್ರೆಯೊಳಗೇ ಅವರಿಗೊಂದು ವಿಭಾಗ ಇರಬೇಕು. ವೈದ್ಯ ವಿದ್ಯಾರ್ಥಿಗಳು ಮತ್ತು ನರ್ಸ್‌ಗಳು ಅಲ್ಲಿ ಕಲಿಯಬೇಕು. ಇದಕ್ಕೆ ಪ್ರತ್ಯೇಕ ತಜ್ಞರು ಬೇಕು. ಜೆರಿಯಾಟ್ರಿಕ್ಸ್ ಎಂಬ ಪದವನ್ನು ನ್ಯೂಯಾರ್ಕಿನ ವೈದ್ಯ ಇಗ್ನಾಟ್ಸ್ ನಾಷರ್ 1909ರಲ್ಲೇ ಸೃಷ್ಟಿಸಿದ್ದರು. ಪದ ಇತ್ತು. ಅದಕ್ಕೆ ಆಸ್ಪತ್ರೆಯೊಳಗೆ ಒಂದು ಜಾಗ ಕೊಡಿಸಿದವರು ಮಾರ್ಜರಿ.

ಇತರ ತಜ್ಞರಲ್ಲಿ ಇದಕ್ಕೆ ಅಷ್ಟೇನೂ ಗೌರವ ಸಿಗಲಿಲ್ಲ. ಮುದುಕರ ವೈದ್ಯ ಎಂದರೆ ಎರಡನೇ ದರ್ಜೆಯ ವೈದ್ಯ ಎಂಬ ಭಾವನೆ ಬಹುಕಾಲ ಇತ್ತು. ಆದರೂ ಅವರ ವಾರ್ಡು ನೋಡಲು ಜನ ಬಂದರು. ಆರೋಗ್ಯ ಸಚಿವಾಲಯದಲ್ಲಿದ್ದ ಲಾರ್ಡ್ ಅಮುಲ್ರೀ ಬೆಂಬಲಕ್ಕೆ ನಿಂತರು. ಎಸೆಕ್ಸ್‌ನಲ್ಲಿ ಲಯನೆಲ್ ಕಾಸಿನ್ ಎಂಬ ಶಸ್ತ್ರವೈದ್ಯರು ಸೊಂಟ ಮುರಿದ ವೃದ್ಧರಿಗೆ ಶಸ್ತ್ರಚಿಕಿತ್ಸೆ ಮಾಡಿ ಬೇಗ ನಡೆಸುತ್ತಿದ್ದರು. 1947ರಲ್ಲಿ ಟ್ರೆವರ್ ಹೋವೆಲ್ ಎಂಬ ವೈದ್ಯರ ಮುಂದಾಳತ್ವದಲ್ಲಿ ಇಂಥ ಕೆಲವೇ ವೈದ್ಯರು ಸೇರಿ ಒಂದು ಸಂಘ ಕಟ್ಟಿದರು, ಅದೇ ಇಂದಿನ ಬ್ರಿಟಿಷ್ ಜೆರಿಯಾಟ್ರಿಕ್ಸ್ ಸೊಸೈಟಿ. ಮರುವರ್ಷ, 1948ರ ಜುಲೈ 5ರಂದು, ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಅದರಡಿ ವೃದ್ಧರ ವಿಭಾಗಗಳಿಗೆ ತಜ್ಞರ ಹುದ್ದೆಗಳು ಬಂದವು.

ಮಾರ್ಜರಿ ಮದುವೆಯಾಗಲಿಲ್ಲ. ಕಡೆಯವರೆಗೂ ಅದೇ ಆಸ್ಪತ್ರೆಯಲ್ಲಿ ದುಡಿದರು, ಬೇರೆ ದೇಶಗಳಿಗೂ ಹೋಗಿ ಉಪನ್ಯಾಸ ಕೊಟ್ಟರು. 1960ರಲ್ಲಿ ಯೂರೋಪಿನಲ್ಲಿ ಪ್ರಯಾಣ ಮಾಡುತ್ತಿದ್ದಾಗ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 62 ವರ್ಷ. ತಾವು ಆರೈಕೆ ಮಾಡಿದವರ ವಯಸ್ಸಿಗೆ ಅವರು ಬರಲೇ ಇಲ್ಲ.

ವಿಜ್ಞಾನ ಓದಿದವರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ಅವರ ವಾರ್ಡಿನ ಜೊತೆ ಹೋಲಿಸಲು ಇನ್ನೊಂದು ವಾರ್ಡು ಇರಲಿಲ್ಲವಲ್ಲ, ಸುಧಾರಣೆ ಇವರ ಪದ್ಧತಿಯಿಂದಲೇ ಆಯಿತೆಂದು ಹೇಗೆ ಹೇಳುವುದು? ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಬಂದದ್ದು ಅವರ ನಂತರ. ಆಸ್ಪತ್ರೆಗೆ ಬಂದ ವೃದ್ಧರನ್ನು ತಂಡವಾಗಿ ಎಲ್ಲ ಕೋನಗಳಿಂದ ಪರೀಕ್ಷಿಸಿ ಆರೈಕೆ ಮಾಡುವ ಪದ್ಧತಿಯ ಬಗ್ಗೆ 9 ದೇಶಗಳಲ್ಲಿ ನಡೆದ 29 ಪ್ರಯೋಗಗಳನ್ನು 2017ರಲ್ಲಿ ಒಟ್ಟಿಗೆ ಪರಿಶೀಲಿಸಿದರು. ಹಾಗೆ ಆರೈಕೆ ಪಡೆದವರು ತಿಂಗಳುಗಳ ನಂತರವೂ ಬದುಕಿದ್ದು ತಮ್ಮ ಮನೆಯಲ್ಲೇ ಇರುವ ಸಾಧ್ಯತೆ ಹೆಚ್ಚು ಎಂದು ಕಂಡುಬಂತು.

ಇನ್ನೊಂದು ಸಂಗತಿ ನಮಗೆ ಹತ್ತಿರದ್ದು. ಬ್ರಿಟನ್ನಿನ ಯುವ ವೈದ್ಯರು ಈ ವಿಭಾಗಕ್ಕೆ ಬರಲು ಹಿಂದೇಟು ಹಾಕಿದಾಗ, ಆ ಹುದ್ದೆಗಳನ್ನು ತುಂಬಿದವರಲ್ಲಿ ಭಾರತ ಉಪಖಂಡದಿಂದ ಹೋದ ವೈದ್ಯರು ಬಹಳ. ಹೃದಯ, ಮಿದುಳು ಮುಂತಾದ ವಿಭಾಗಗಳಲ್ಲಿ ಅವರಿಗೆ ಜಾಗ ಸಿಗುವುದು ಕಷ್ಟವಿತ್ತು, ವೃದ್ಧರ ವಾರ್ಡು ಖಾಲಿ ಇತ್ತು. ಬ್ರಿಟನ್ನಿನ ಅಜ್ಜ ಅಜ್ಜಿಯರನ್ನು ಎಬ್ಬಿಸಿ ನಡೆಸಿದವರಲ್ಲಿ ನಮ್ಮವರು ಎಷ್ಟೋ ಮಂದಿ. ಬ್ರಿಟನ್ನಿನಲ್ಲಿ ತರಬೇತಿ ಪಡೆದು ಮರಳಿದ ಡಾ. ವಿ. ಎಸ್. ನಟರಾಜನ್ 1978ರಲ್ಲಿ ಮದ್ರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ವೃದ್ಧರಿಗಾಗಿ ಹೊರರೋಗಿ ವಿಭಾಗ ತೆರೆದರು. 1996ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಈ ವಿಷಯದ ಎಂ.ಡಿ. ಕೋರ್ಸ್ ಆರಂಭವಾಯಿತು. 2024ರಲ್ಲಿ ಚೆನ್ನೈನ ಗಿಂಡಿಯಲ್ಲಿ ವೃದ್ಧರಿಗಾಗಿಯೇ 200 ಹಾಸಿಗೆಗಳ ಸರ್ಕಾರಿ ಆಸ್ಪತ್ರೆ ತೆರೆದಿದೆ. ಹೊಸೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವುದರೊಳಗೆ ಚೆನ್ನೈ ಮುಟ್ಟಬಹುದು.